ಹಲ್ಲಿನ ಡಾಕ್ಟರ್ ಸೀಟಿಗೆ ಹೊಲ ಮಾರುವ ಮುನ್ನ

ನೀಟ್ ಫಲಿತಾಂಶ ಬಂದ ವಾರದಲ್ಲೇ ನಮ್ಮ ಹಳ್ಳಿಗಳ ಫೋನುಗಳಿಗೆ ಗುರುತಿಲ್ಲದ ನಂಬರುಗಳಿಂದ ಕರೆ ಶುರುವಾಗುತ್ತದೆ. ‘ನಿಮ್ಮ ಮಗಳ ಮಾರ್ಕ್ಸಿಗೆ ಎಂಬಿಬಿಎಸ್ ಆಗಲ್ಲ ಸಾರ್. ಬಿಡಿಎಸ್ ಬೇಕಿದ್ರೆ ಮಾಡಿಸಿಕೊಡ್ತೀವಿ. ಮಾರ್ಕ್ಸ್ ಕಡಿಮೆ ಇದ್ರೂ ತೊಂದರೆ ಇಲ್ಲ. ಇವತ್ತೇ ಅಡ್ವಾನ್ಸ್ ಹಾಕಿ, ಸೀಟು ಹಿಡಿದಿಡ್ತೀವಿ.’ ಮಾತು ಬಲು ನಯ. ಕೇಳಿದ ಅಪ್ಪ ಅಂದು ರಾತ್ರಿ ಮಲಗುವುದಿಲ್ಲ. ಮರುದಿನ ಪಹಣಿ ಹುಡುಕುತ್ತಾನೆ.

ಅಂಕ ಕಡಿಮೆ ಬಂದವರು ಹಲ್ಲಿನ ಡಾಕ್ಟರ್ ಆಗಬಾರದು ಎಂದು ನಾವು ಹೇಳುವುದಿಲ್ಲ. ಖಂಡಿತ ಆಗಬಹುದು, ಕಾನೂನೇ ಅದಕ್ಕೆ ದಾರಿ ಇಟ್ಟಿದೆ. ಆ ದಾರಿ ನಮ್ಮವರಿಗೆ ಗೊತ್ತಿಲ್ಲ ಎಂಬುದೇ ಮಧ್ಯವರ್ತಿಗಳ ಬಂಡವಾಳ. ಮಗುವಿಗೆ ಹಕ್ಕಿನಿಂದ ಸಿಗಬಹುದಾದದ್ದನ್ನು ಉಪಕಾರ ಎಂಬಂತೆ ತೋರಿಸಿ ಮಾರುತ್ತಾರೆ. ಇದಕ್ಕೆ ಯಾರೂ ಮೋಸ ಹೋಗಬಾರದು ಎಂಬುದು ನಮ್ಮ ಮಾತು.

ಮೊದಲು ನಿಯಮ ನೋಡೋಣ. ಬಿಡಿಎಸ್ ಸೇರಲು ಎರಡು ಮೆಟ್ಟಿಲು ಹತ್ತಬೇಕು. ಪಿಯುಸಿಯಲ್ಲಿ ಇಂಗ್ಲಿಷ್ ಪಾಸಾಗಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಅಂಕ ಬಂದಿರಬೇಕು. ಇದು ಒಂದನೇ ಮೆಟ್ಟಿಲು. ಎರಡನೆಯದು ನೀಟ್ ಅರ್ಹತೆ. ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟೈಲ್, ಮೀಸಲಾತಿ ವರ್ಗಗಳಿಗೆ 40 ಪರ್ಸೆಂಟೈಲ್.

ನಮ್ಮವರು ಎಡವುವುದು ಈ ‘ಪರ್ಸೆಂಟೈಲ್’ ಎಂಬ ಪದದಲ್ಲಿ. ಇದು ಶೇಕಡಾ ಅಂಕ ಅಲ್ಲ. ಪರೀಕ್ಷೆ ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಅರ್ಧದಷ್ಟು ಮಂದಿ ನಿಮ್ಮ ಹಿಂದಿದ್ದರೆ ನೀವು 50 ಪರ್ಸೆಂಟೈಲ್. ಆ ಜಾಗದಲ್ಲಿ ನಿಂತವರ ಅಂಕ ಎಷ್ಟು? 720ಕ್ಕೆ 2022ರಲ್ಲಿ 117, 2023ರಲ್ಲಿ 137, 2025ರಲ್ಲಿ 144. ಅಂದರೆ 2025ರಲ್ಲಿ ನೂರಕ್ಕೆ ಇಪ್ಪತ್ತು ಅಂಕ ಬಂದಿದ್ದರೂ ಸಾಮಾನ್ಯ ವರ್ಗದವರು ಅರ್ಹರೇ. ಮೀಸಲಾತಿ ವರ್ಗದವರಿಗೆ ಆ ವರ್ಷ 113 ಸಾಕಾಗಿತ್ತು. ‘ನಾನು ಫೇಲು’ ಎಂದು ಮೂಲೆ ಹಿಡಿದು ಕುಳಿತ ಎಷ್ಟೋ ಮಕ್ಕಳು ನಿಜವಾಗಿ ಅರ್ಹತೆ ಪಡೆದವರು. ಏಜೆಂಟರಿಗೆ ಇದು ಗೊತ್ತು, ನಮಗೆ ಗೊತ್ತಿಲ್ಲ. ವ್ಯಾಪಾರ ಹುಟ್ಟುವುದೇ ಇಲ್ಲಿ.

ಅರ್ಹತೆ ಬಂದ ಮಾತ್ರಕ್ಕೆ ಸೀಟು ಸಿಕ್ಕಿತು ಎಂದಲ್ಲ. ಸೀಟು ಹಂಚುವುದು ರ‍್ಯಾಂಕ್ ನೋಡಿ. ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಿಗೆ ಒಳ್ಳೆಯ ರ‍್ಯಾಂಕೇ ಬೇಕು. ಖಾಸಗಿ ಕಾಲೇಜುಗಳ ಕತೆ ಬೇರೆ. 2020–21ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟುಗಳು ಖಾಲಿ ಉಳಿದಿದ್ದವು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಿ ಆ ಸೀಟು ತುಂಬಲು ಹೇಳಿತು. ಅದರ ಹಿಂದಿನ ವರ್ಷವೂ ಇಷ್ಟೇ ಇಳಿಸಲಾಗಿತ್ತು. ಖಾಸಗಿ ಕಾಲೇಜುಗಳು ಶುಲ್ಕ ಕಡಿಮೆ ಮಾಡುವ ಬಗ್ಗೆ ಯೋಚಿಸಬೇಕು ಎಂದೂ ಕೋರ್ಟ್ ಅದೇ ಆದೇಶದಲ್ಲಿ ಹೇಳಿತು. ಸೀಟು ಖಾಲಿ ಬೀಳುವುದಕ್ಕೆ ಮಕ್ಕಳ ಅಂಕವೊಂದೇ ಕಾರಣ ಅಲ್ಲ, ಶುಲ್ಕವೂ ಕಾರಣ ಎಂದು ದೇಶದ ದೊಡ್ಡ ನ್ಯಾಯಾಲಯವೇ ಕಂಡುಕೊಂಡಿತ್ತು.

ಈಗ ಏಜೆಂಟರ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿ.

‘ನೀಟ್ ಕ್ವಾಲಿಫೈ ಆಗದಿದ್ರೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಮಾಡಿಸ್ತೀವಿ’ ಎನ್ನುತ್ತಾರೆ. ಸುಳ್ಳು. ಮ್ಯಾನೇಜ್‌ಮೆಂಟ್ ಸೀಟಿಗೂ ಎನ್‌ಆರ್‌ಐ ಸೀಟಿಗೂ ನೀಟ್ ಅರ್ಹತೆ ಬೇಕೇ ಬೇಕು. ರಾಜಸ್ಥಾನದಲ್ಲಿ 2016–17ರಲ್ಲಿ ಅರ್ಹತೆ ಇಲ್ಲದವರನ್ನೂ ಸೇರಿಸಿಕೊಂಡ ಖಾಸಗಿ ದಂತ ಕಾಲೇಜುಗಳ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಲೇಜುಗಳಿಗೆ ಕೋಟಿಗಟ್ಟಲೆ ದಂಡ ಬಿತ್ತು. ಅಲ್ಲಿಯವರೆಗೆ ಆ ಮಕ್ಕಳು ತಮ್ಮ ಡಿಗ್ರಿ ಉಳಿಯುತ್ತದೋ ಇಲ್ಲವೋ ಎಂದು ವರ್ಷಗಟ್ಟಲೆ ಕಾಯಬೇಕಾಯಿತು.

‘ಕಾಲೇಜಿನವರು ನಮ್ಮ ಕೈಯಲ್ಲಿದ್ದಾರೆ’ ಎನ್ನುತ್ತಾರೆ. ನಮ್ಮ ರಾಜ್ಯದ ದಂತ ಕಾಲೇಜುಗಳ ಸೀಟು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಖಾಸಗಿ ಕೋಟಾದ ಸೀಟುಗಳೂ ಅದರ ಕೌನ್ಸೆಲಿಂಗ್‌ನಲ್ಲೇ ಬರುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಎಂಸಿಸಿ ಎಂಬ ಕೇಂದ್ರದ ಸಮಿತಿಯ ಮೂಲಕ. ನೀವು ಮನೆಯಲ್ಲೇ ಕೂತು ಅರ್ಜಿ ಹಾಕಬಹುದಾದ ಕೆಲಸಕ್ಕೇ ಅವರು ಲಕ್ಷ ಕೇಳುತ್ತಿರುವುದು.

‘ಡೊನೇಷನ್ ಇಲ್ಲದೆ ಆಗಲ್ಲ’ ಎನ್ನುತ್ತಾರೆ. ನಿಗದಿಯಾದ ಶುಲ್ಕಕ್ಕಿಂತ ಹೆಚ್ಚಿಗೆ ವಸೂಲಿ ಮಾಡುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಿಂದಲೇ ಇದೆ. ರಸೀದಿ ಕೊಡದೆ ಕೇಳುವ ಹಣ ಯಾವುದೇ ಇರಲಿ, ಅದು ನೀವು ಕೊಡಬೇಕಾದ ಹಣ ಅಲ್ಲ.

ಅಂಕ ಕಡಿಮೆ ಇರುವ ಹಳ್ಳಿಯ ಮಗುವಿಗೆ ನಿಜವಾಗಿ ಬೆಲೆಬಾಳುವುದು ಕಾಗದಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿಯಲ್ಲಿ ಪ್ರತ್ಯೇಕ ಸೀಟುಗಳಿವೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಕ್ಕೆ ಶಾಲೆಯ ಮುಖ್ಯಶಿಕ್ಷಕರ ಸಹಿಯ ಜೊತೆ ಬಿಇಒ ಸಹಿ ಬೇಕು. 371ಜೆ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಆರ್‌ಡಿ ನಂಬರು ಅರ್ಜಿಯಲ್ಲಿ ಸರಿಯಾಗಿರಬೇಕು. ಇವನ್ನು ಫಲಿತಾಂಶ ಬಂದ ಮೇಲೆ ಓಡಾಡಿ ಮಾಡಿಸುವುದಲ್ಲ, ಮಗು ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಮಾಡಿಸಿಡಬೇಕು. ಒಂದು ಸಹಿ ತಪ್ಪಿದರೆ ಕೋಟಾ ಕೈಬಿಡುತ್ತದೆ. ಕೋಟಾ ಕೈಬಿಟ್ಟರೆ ಅದೇ ಕಾಲೇಜಿನ ಅದೇ ಬೆಂಚಿಗೆ ಹಲವು ಪಟ್ಟು ಶುಲ್ಕ ಕಟ್ಟಬೇಕಾಗಿ ಬರಬಹುದು. ಸರ್ಕಾರಿ ಕೋಟಾದ ಸೀಟಿಗೂ ಖಾಸಗಿ ಕೋಟಾದ ಸೀಟಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಮೊದಲ ಸುತ್ತಿನಲ್ಲಿ ಸಿಗಲಿಲ್ಲ ಎಂದು ಗಾಬರಿ ಬೀಳಬೇಡಿ. ಮುಂದಿನ ಸುತ್ತುಗಳಿರುತ್ತವೆ. ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವ ಆಯ್ಕೆಯೂ ಇರುತ್ತದೆ. ಆದರೆ ಕೊನೆಯ ಸುತ್ತುಗಳ ನಿಯಮ ಬಿಗಿ. ಸೀಟು ಬಂದ ಮೇಲೆ ಬೇಡ ಎಂದರೆ ಕಟ್ಟಿದ ಹಣ ಹೋಗಬಹುದು. ಕಟ್ಟಲಾಗದ ಶುಲ್ಕದ ಕಾಲೇಜನ್ನು ‘ಇರಲಿ’ ಎಂದು ಪಟ್ಟಿಗೆ ಸೇರಿಸಬೇಡಿ.

ಇನ್ನು ಲೆಕ್ಕದ ಮಾತು. ಬಿಡಿಎಸ್ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಶುಲ್ಕದ ಮೇಲೆ ಹಾಸ್ಟೆಲ್, ಪುಸ್ತಕ, ಪರೀಕ್ಷಾ ಶುಲ್ಕ ಬೇರೆ. ಕೈ ಪಳಗಿಸಿಕೊಳ್ಳಲು ಬೇಕಾದ ಮೇಣ, ಉಪಕರಣಗಳನ್ನೂ ಮಕ್ಕಳೇ ಕೊಳ್ಳಬೇಕಾಗುತ್ತದೆ. ಒಂದು ವಿಷಯ ಫೇಲಾದರೆ ಖರ್ಚಿನ ತಿಂಗಳುಗಳು ಹೆಚ್ಚುತ್ತವೆ. ಓದು ಮುಗಿದ ಮೇಲೆ ಸ್ವಂತ ಕ್ಲಿನಿಕ್ ಎಂದರೆ ಕುರ್ಚಿ, ಎಕ್ಸ್‌ರೇ, ಬಾಡಿಗೆ. ಮತ್ತೆ ಸಾಲ. ದೇಶದಲ್ಲಿ 2.7 ಲಕ್ಷ ದಂತವೈದ್ಯರು ನೋಂದಾಯಿಸಿಕೊಂಡಿದ್ದಾರೆ, ಆದ್ದರಿಂದ ಇನ್ನಷ್ಟು ಜನರ ತುರ್ತು ಇಲ್ಲ ಎಂದು ಕೇಂದ್ರ ಸರ್ಕಾರವೇ ಆ 2021ರ ಪ್ರಕರಣದಲ್ಲಿ ವಾದಿಸಿತ್ತು. ಹೊಲ ಮಾರುವ ಅಪ್ಪನಿಗೆ ಈ ಮಾತನ್ನು ಯಾವ ಏಜೆಂಟನೂ ಹೇಳುವುದಿಲ್ಲ.

ಹಾಗಾದರೆ ನಮ್ಮ ಹಳ್ಳಿಗಳಿಗೆ ಹಲ್ಲಿನ ಡಾಕ್ಟರು ಬೇಡವೇ? ಪಾವಗಡ, ಮುಂಡರಗಿ ಕಡೆ ಹೋಗಿ ನೋಡಿ. ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದು ಗೆರೆ ಕಟ್ಟಿವೆ. ಗುಟ್ಕಾ ಜಗಿದು ಬಾಯಿ ಅಗಲಿಸಲಾಗದ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಹಲ್ಲು ನೋವು ಬಂದರೆ ಲವಂಗ ಕಚ್ಚಿಕೊಂಡು ಮಲಗುವ ಅಜ್ಜಿಯರಿದ್ದಾರೆ. ಡಾಕ್ಟರುಗಳು ಪೇಟೆಯಲ್ಲಿ ಒಬ್ಬರ ಪಕ್ಕ ಒಬ್ಬರು ಬೋರ್ಡು ಹಾಕಿಕೊಂಡಿದ್ದಾರೆ, ಹಲ್ಲು ನೋವು ಹಳ್ಳಿಯಲ್ಲಿದೆ. ಲಕ್ಷಗಟ್ಟಲೆ ಸುರಿದು ಓದಿದವರು ಹಳ್ಳಿಗೆ ಬಂದು ನೂರು ರೂಪಾಯಿಗೆ ಹಲ್ಲು ಕೀಳಲಿ ಎಂದು ಬಯಸುವುದೂ ಕಷ್ಟವೇ.

‘ಇಷ್ಟು ಕಡಿಮೆ ಅಂಕದವರ ಕೈಗೆ ನಮ್ಮ ಬಾಯಿ ಕೊಡಬೇಕಾ?’ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೀಟ್ ಅಳೆಯುವುದು ಮೂರು ಗಂಟೆಯ ಒಂದು ಪರೀಕ್ಷೆಯನ್ನು. ಕೋಚಿಂಗ್‌ಗೆ ದುಡ್ಡಿಲ್ಲದ, ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗುವಿನ ಕೈಗುಣವನ್ನು ಅದು ಅಳೆಯುವುದಿಲ್ಲ. ಡಾಕ್ಟರಾಗುವ ಯೋಗ್ಯತೆ ಪರೀಕ್ಷೆಯಾಗುವುದು ಕಾಲೇಜಿನ ಒಳಗೆ, ಪ್ರತಿ ವರ್ಷದ ಪರೀಕ್ಷೆಯಲ್ಲಿ, ರೋಗಿಯ ಕುರ್ಚಿಯ ಪಕ್ಕದಲ್ಲಿ. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಓದು ಮುಗಿಸಿದವರೆಲ್ಲ ಬರೆಯಬೇಕಾದ ನಿರ್ಗಮನ ಪರೀಕ್ಷೆಗೂ ಅವಕಾಶ ಇದೆ. ಆ ಪರೀಕ್ಷೆಗಳು ಬಿಗಿಯಾಗಿ ನಡೆಯಲಿ, ನಮ್ಮ ಬೆಂಬಲ ಇದೆ. ಸೇರುವಾಗಿನ ಅಂಕ ನೋಡಿ ಹೀಯಾಳಿಸುವುದನ್ನು ಬಿಡಿ.

ಸರ್ಕಾರಕ್ಕೂ ಕೇಳುತ್ತೇವೆ. ಖಾಲಿ ಬೀಳುವ ಸೀಟುಗಳನ್ನು ತುಂಬಲು ಪರ್ಸೆಂಟೈಲ್ ಇಳಿಸುವ ಮೊದಲು ಶುಲ್ಕ ಇಳಿಸಿ. ಕೌನ್ಸೆಲಿಂಗ್ ದಿನಗಳಲ್ಲಿ ಪ್ರತಿ ತಾಲ್ಲೂಕಿನಲ್ಲಿ ಕನ್ನಡದಲ್ಲಿ ಹೇಳಿಕೊಡುವ ಒಂದು ಮೇಜು ಹಾಕಿ. ಹಳ್ಳಿಯ ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆ ಹೆಚ್ಚಿಸಿ, ಓದಿದವರಿಗೆ ಹಳ್ಳಿಯಲ್ಲೂ ಸಂಬಳ ಸಿಗಲಿ.

ಮನೆಯವರಿಗೆ ನಮ್ಮ ಮಾತು ಇಷ್ಟು. ಮಗುವಿಗೆ ಈ ಕೆಲಸ ಇಷ್ಟವೇ ಎಂದು ಮೊದಲು ಕೇಳಿ. ಇಷ್ಟವಿದ್ದು ಸರ್ಕಾರಿ ಕೋಟಾದಲ್ಲಿ ಸೀಟು ಬಂದರೆ, ವಿದ್ಯಾರ್ಥಿವೇತನ, ‘ಅರಿವು’ ಸಾಲದಂಥ ನೆರವು ಹುಡುಕಿ, ಧೈರ್ಯವಾಗಿ ಸೇರಿಸಿ. ಎಂಬಿಬಿಎಸ್ ಸಿಗಲಿಲ್ಲ, ‘ಡಾಕ್ಟರ್’ ಅಂತ ಕರೆಸಿಕೊಂಡರೆ ಸಾಕು ಎಂಬ ಕಾರಣಕ್ಕೆ ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವುದಾದರೆ, ಬೇಡ. ಆ ಹೆಸರಿಗಿಂತ ಎರಡು ಎಕರೆ ದೊಡ್ಡದು. ಗುರುತಿಲ್ಲದ ನಂಬರಿನಿಂದ ಕರೆ ಬಂದಾಗ ಒಂದೇ ಪ್ರಶ್ನೆ ಕೇಳಿ: ‘ರಸೀದಿ ಕೊಡ್ತೀರಾ?’ ಆ ಕಡೆಯವರು ಏನು ಹೇಳುತ್ತಾರೆ ಎಂಬುದರಲ್ಲೇ ನಿಮಗೆ ಉತ್ತರ ಸಿಗುತ್ತದೆ.