ಅಂಗನವಾಡಿಯ ಮದತನೀಸ ಹುದ್ದೆ ಮತ್ತು ನಮ್ಮ ಕನ್ನಡ ಶಾಲೆಯ ಒಂದನೆಯ ಇಯತ್ತೆ

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಮಹಾರಾಷ್ಟ್ರದ ಶಿಕ್ಷಣ ವಲಯದಲ್ಲಿ ಒಂದೇ ಚರ್ಚೆ ನಡೆದಿತ್ತು: ಒಂದನೆಯ ಇಯತ್ತೆಯ ಮಗುವಿಗೆ ಮೂರನೆಯ ಭಾಷೆಯಾಗಿ ಹಿಂದಿ ಬೇಕೇ, ಬೇಡವೇ? ಸರಕಾರ ಎರಡು ಬಾರಿ ನಿರ್ಣಯ ಹೊರಡಿಸಿತು. ವಿರೋಧ ಬಲವಾದಾಗ ಜೂನ್ 29ರಂದು ಎರಡನ್ನೂ ಹಿಂತೆಗೆದುಕೊಂಡು, ಡಾ. ನರೇಂದ್ರ ಜಾಧವ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ಘೋಷಿಸಿತು. ಆರು ವರ್ಷದ ಮಗುವಿನ ಮೇಲೆ ಅಪರಿಚಿತ ಭಾಷೆಯ ಹೊರೆ ಹೇರಬಾರದೆಂದು ಅಂದು ಅನೇಕ ಸಾಹಿತಿಗಳು, ಶಿಕ್ಷಣತಜ್ಞರು, ರಾಜಕೀಯ ನಾಯಕರು ಹೇಳಿದರು. ಆ ಮಾತು ಸರಿಯಾದದ್ದೇ. ಆದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಈ ಪ್ರಶ್ನೆ ಮಗುವಿಗೆ ಆರು ತುಂಬುವವರೆಗೆ ಕಾಯುವುದಿಲ್ಲ. ಮೂರನೆಯ ವರ್ಷದಲ್ಲಿ, ಅಂಗನವಾಡಿಯ ಹೊಸ್ತಿಲಲ್ಲಿಯೇ ಅದು ಎದುರಾಗುತ್ತದೆ.

ಅಲ್ಲಿ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತು ನಡೆಯಬೇಕೆಂಬುದು ಮುಂಬಯಿಯ ಸಭೆಗಳಲ್ಲಿ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ, ಗ್ರಾಮಪಂಚಾಯತಿಯ ಫಲಕಕ್ಕೆ ಅಂಟಿಸಿದ ಒಂದು ಜಾಹೀರಾತಿನಿಂದ ತೀರ್ಮಾನವಾಗುತ್ತದೆ. ಅಂಗನವಾಡಿ ಸೇವಿಕೆ ಮತ್ತು ಮದತನೀಸ ಹುದ್ದೆಗಳ ಭರ್ತಿಯ ಜಾಹೀರಾತು ಅದು. ಊರಿನಲ್ಲಿ ಅದನ್ನು ‘ಯಾರದೋ ಮನೆಯ ಸೊಸೆಗೊಂದು ಕೆಲಸ’ ಎಂದು ನೋಡುವ ರೂಢಿಯಿದೆ. ಕನ್ನಡ ಶಾಲೆಯ ಪಾಲಕರು ಅದನ್ನು ತಮ್ಮ ಶಾಲೆಯ ಮೊದಲ ನೇಮಕಾತಿಯೆಂದು ನೋಡಬೇಕಾದ ಕಾಲ ಬಂದಿದೆ.

ಸಹಾಯಕಿಯ ನಿಜವಾದ ಕೆಲಸ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಸೇವಿಕೆ ಕಲಿಸುವವಳು, ಮದತನೀಸ ಅಡುಗೆ ಮಾಡಿ, ಕಸ ಗುಡಿಸಿ, ಮಕ್ಕಳನ್ನು ಮನೆಯಿಂದ ಕರೆತರುವವಳು ಎಂಬುದು ಮೊದಲಿನಿಂದ ಬಂದ ವಿಭಜನೆ. ವಾಸ್ತವದಲ್ಲಿ ಸೇವಿಕೆ ಸಭೆಗೆ, ಲಸಿಕೆಯ ಕೆಲಸಕ್ಕೆ, ಮನೆಭೇಟಿಗೆ ಹೋದ ಹೊತ್ತಿನಲ್ಲಿ ಮಕ್ಕಳೊಡನೆ ಉಳಿಯುವವಳು ಮದತನೀಸಳೇ. ಅಳುವ ಮಗುವನ್ನು ಎತ್ತಿಕೊಳ್ಳುವವಳು, ಊಟಕ್ಕೆ ಕೂರಿಸುವವಳು, ಹಾಡು ಹೇಳಿಸುವವಳು ಅವಳು. ‘ಬಾಯಿ, ನೀರಡಕಿ ಆಗೇದ’ ಎಂದು ಮಗು ಹೇಳಿದಾಗ ಅದು ಅವಳಿಗೆ ತಿಳಿಯಬೇಕು. ತಿಳಿಯದಿದ್ದರೆ ಆ ಮಗು ನಾಲ್ಕು ದಿನ ಹೇಳಿ, ಐದನೆಯ ದಿನ ಸುಮ್ಮನಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು: ಅಂಗನವಾಡಿ ಅಥವಾ ಬಾಲವಾಡಿಯ ಮೂರು ವರ್ಷ, ಒಂದನೆಯ ಮತ್ತು ಎರಡನೆಯ ಇಯತ್ತೆಯ ಎರಡು ವರ್ಷ. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತು ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದೂ ಅದು ಹೇಳುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ‘ಪೋಷಣ್ ಭೀ, ಪಢಾಯಿ ಭೀ’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಅಂಗನವಾಡಿ ಕೇವಲ ಆಹಾರ ಹಂಚುವ ಕೇಂದ್ರವಾಗಿ ಉಳಿಯಬಾರದೆಂದು ಸಾರಿತು. ಅಂದರೆ ಐದು ವರ್ಷದ ಬುನಾದಿಯಲ್ಲಿ ಮೊದಲ ಮೂರು ವರ್ಷ ಈ ಇಬ್ಬರು ಸ್ತ್ರೀಯರ ಕೈಯಲ್ಲಿದೆ.

ಇದರ ಪರಿಣಾಮ ಕನ್ನಡ ಶಾಲೆಯ ಪಟಸಂಖ್ಯೆಯಲ್ಲಿ ಕಾಣುತ್ತದೆ. ಮೂರು ವರ್ಷ ಮರಾಠಿ ಹಾಡು, ಮರಾಠಿ ಅಂಕಿ, ಮರಾಠಿ ಅಕ್ಷರಗಳನ್ನು ಕೇಳಿದ ಮಗುವಿನ ಪಾಲಕರು ಜೂನ್ ತಿಂಗಳಲ್ಲಿ ಸಹಜವಾಗಿಯೇ ‘ಹೆಂಗೂ ಮರಾಠಿ ರೂಢಿ ಆಗೇದ, ಆ ಸಾಲಿಗೇ ಹಾಕೂಣು’ ಎನ್ನುತ್ತಾರೆ. ಅವರನ್ನು ಭಾಷಾದ್ರೋಹಿಗಳೆಂದು ಜರೆಯುವುದರಲ್ಲಿ ಅರ್ಥವಿಲ್ಲ. ದಾರಿ ಮೊದಲೇ ತಿರುಗಿತ್ತು. ಪಟಸಂಖ್ಯೆ 20ಕ್ಕಿಂತ ಕಡಿಮೆಯಿರುವ ಶಾಲೆಗಳನ್ನು ಸೇರಿಸಿ ಸಮೂಹ ಶಾಲೆ ಮಾಡುವ ಪ್ರಸ್ತಾವಗಳನ್ನು ರಾಜ್ಯದ ಶಿಕ್ಷಣ ಇಲಾಖೆ 2023ರಲ್ಲಿ ಕೇಳಿತ್ತು. ಅಂಥ ಲೆಕ್ಕಾಚಾರದಲ್ಲಿ ಒಂದನೆಯ ಇಯತ್ತೆಗೆ ಬಾರದ ಐದು ಮಕ್ಕಳು ಇಡೀ ಶಾಲೆಯ ಅಳಿವು ಉಳಿವನ್ನು ನಿರ್ಧರಿಸಬಲ್ಲರು.

ಕಾನೂನಿನ ಕಂದರ, ನಿಯಮದ ಸೇತುವೆ

ಸಂವಿಧಾನದ 350ಎ ವಿಧಿಯನ್ನು ನಾವು ಸಭೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಅದು ರಾಜ್ಯಗಳಿಗೆ ಹೇಳುತ್ತದೆ; ಆದರೆ ಅದರ ಮಾತು ‘ಪ್ರಾಥಮಿಕ ಹಂತ’ದ ಕುರಿತಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಲಿ ಎನ್ನುತ್ತದೆ. ಆ ಕಾಯ್ದೆಯ ಹಕ್ಕು ಆರರಿಂದ 14 ವರ್ಷದವರಿಗೆ. ಮೂರರಿಂದ ಆರು ವರ್ಷದ ಮಕ್ಕಳ ವಿಷಯದಲ್ಲಿ 11ನೆಯ ಕಲಮು ಸರಕಾರ ವ್ಯವಸ್ಥೆ ಮಾಡಬಹುದು ಎಂದಷ್ಟೇ ಹೇಳಿ ನಿಲ್ಲುತ್ತದೆ. ಹೀಗೆ ಅಂಗನವಾಡಿಯ ಮಗು ಎರಡೂ ರಕ್ಷಣೆಗಳ ಅಂಚಿನಿಂದ ಹೊರಗೆ ಉಳಿಯುತ್ತದೆ.

ಈ ಕಂದರದ ಮೇಲೆ ಮಹಾರಾಷ್ಟ್ರದಲ್ಲಿ ಒಂದು ಸಣ್ಣ ಸೇತುವೆ ಇದೆ. ರಾಜ್ಯದ ಅಂಗನವಾಡಿ ನೇಮಕಾತಿಯ ಷರತ್ತುಗಳಲ್ಲಿ, ಕೇಂದ್ರವೊಂದರ ಶೇ. 50ಕ್ಕಿಂತ ಹೆಚ್ಚು ಮಕ್ಕಳು ಮರಾಠಿಯಲ್ಲದ ಭಾಷೆಯನ್ನಾಡುವವರಾಗಿದ್ದರೆ, ಮರಾಠಿಯ ಜ್ಞಾನದ ಜೊತೆಗೆ ಆ ಭಾಷೆಯನ್ನು ಓದಿ ಬರೆಯಬಲ್ಲ ಸೇವಿಕೆ ಅಥವಾ ಮದತನೀಸಳನ್ನು ನೇಮಿಸಬೇಕೆಂದಿದೆ. ಉರ್ದು, ಹಿಂದಿ, ಗೋಂಡಿ, ಬಂಜಾರಾ ಮುಂತಾದ ಭಾಷೆಗಳ ಸಾಲಿನಲ್ಲಿ ಕನ್ನಡದ ಹೆಸರೂ ಸ್ಪಷ್ಟವಾಗಿ ಇದೆ. ಹೊಸ ಹೋರಾಟ, ಹೊಸ ಕಾಯ್ದೆ ಇಲ್ಲದೆಯೇ ನಮಗೆ ದೊರೆತಿರುವ ಅವಕಾಶವಿದು.

ಆದರೆ ಈ ನಿಯಮ ತಾನಾಗಿ ಕೆಲಸ ಮಾಡುವುದಿಲ್ಲ. ಆಯ್ಕೆ ನಡೆಯುವುದು ಅಂಕಗಳ ಮೇಲೆ. ಹನ್ನೆರಡನೆಯ ಇಯತ್ತೆಯ ಗುಣಗಳಿಗೆ ಅಂಕ, ಪದವಿಗೆ, ಡಿ.ಎಡ್., ಬಿ.ಎಡ್.ಗೆ, ಗಣಕಯಂತ್ರದ ಪ್ರಮಾಣಪತ್ರಕ್ಕೆ ಅಂಕ. ವಿಧವೆಯರಿಗೆ, ಅನಾಥರಿಗೆ, ಹಿಂದುಳಿದ ವರ್ಗದವರಿಗೆ, ಅನುಭವಿಗಳಿಗೆ ಹೆಚ್ಚುವರಿ ಅಂಕ. ಭಾಷೆಗೆ ಅಲ್ಲಿ ಅಂಕವಿಲ್ಲ. ಅದು ಅರ್ಹತೆಯ ಷರತ್ತು. ಆದ್ದರಿಂದ ‘ಈ ಕೇಂದ್ರಕ್ಕೆ ಕನ್ನಡ ಅಗತ್ಯ’ ಎಂಬುದು ಜಾಹೀರಾತಿನಲ್ಲಿಯೇ ನಮೂದಾಗಬೇಕು. ನಮೂದಾಗದಿದ್ದರೆ, ಕನ್ನಡದ ಒಂದಕ್ಷರವೂ ಬಾರದ ಪದವೀಧರೆ ಎರಡೂ ಭಾಷೆ ಬಲ್ಲ ಹನ್ನೆರಡನೆಯ ಇಯತ್ತೆಯ ಹುಡುಗಿಯನ್ನು ಅಂಕಗಳಲ್ಲಿ ಸುಲಭವಾಗಿ ಹಿಂದಿಕ್ಕುತ್ತಾಳೆ. ಯಾದಿ ಪ್ರಕಟವಾದ ಮೇಲೆ ನಾವು ಎತ್ತುವ ಆಕ್ಷೇಪ ಆಗ ಆ ಹೆಣ್ಣುಮಗಳ ವಿರುದ್ಧದ ದೂರಿನಂತೆ ಕಾಣುತ್ತದೆ. ಅವಳ ತಪ್ಪೇನೂ ಇರುವುದಿಲ್ಲ.

ಜಾಹೀರಾತಿಗೆ ಮುಂಚೆ ಆಗಬೇಕಾದದ್ದು

ಮೊದಲ ಕೆಲಸ ಎಣಿಕೆ. ಕೇಂದ್ರದಲ್ಲಿ ದಾಖಲಾದ ಮಕ್ಕಳಲ್ಲಿ ಎಷ್ಟು ಮನೆಗಳ ಮಾತು ಕನ್ನಡ ಎಂಬುದನ್ನು ಪಾಲಕರ ಸಹಿಯೊಡನೆ ಬರೆದಿಡಬೇಕು. ಮನೆಯಲ್ಲಿ ಕನ್ನಡವಾಡಿ, ಕಾಗದದಲ್ಲಿ ಮರಾಠಿ ಎಂದು ಬರೆಸುವ ಅಭ್ಯಾಸವನ್ನು ಪಾಲಕರು ಬಿಡಬೇಕು. ಆ ಒಂದು ಶಬ್ದ ಶೇ. 50ರ ಲೆಕ್ಕವನ್ನು ಬದಲಿಸುತ್ತದೆ. ಎರಡನೆಯದಾಗಿ, ಆ ಎಣಿಕೆಯನ್ನು ಗ್ರಾಮಸಭೆಯ ಮುಂದಿಟ್ಟು ಠರಾವು ಮಾಡಿಸಿ, ತಾಲೂಕಿನ ಬಾಲವಿಕಾಸ ಪ್ರಕಲ್ಪ ಅಧಿಕಾರಿಯ ಕಾರ್ಯಾಲಯಕ್ಕೆ ಸಲ್ಲಿಸಿ, ಪೋಚ್ ಪಡೆಯಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅದಕ್ಕೆ 30 ದಿನಗಳ ಗಡುವು ಇದೆ. ನಿವೃತ್ತಿಯ ದಿನ ಮೊದಲೇ ಗೊತ್ತಿರುವ ಹುದ್ದೆಗಳ ವಿಷಯದಲ್ಲಿ ಈ ಕೆಲಸವನ್ನು ಒಂದು ವರ್ಷ ಮುಂಚಿತವಾಗಿಯೇ ಮಾಡಬಹುದು.

ಮೂರನೆಯದು ಅರ್ಜಿದಾರರ ಸಿದ್ಧತೆ. ವಯಸ್ಸು 18ರಿಂದ 35, ವಿಧವೆಯರಿಗೆ 40ರವರೆಗೆ. ಅದೇ ಮಹಸೂಲಿ ಗ್ರಾಮದ ರಹವಾಸಿಯಾಗಿರಬೇಕು. ಹನ್ನೆರಡನೆಯ ಇಯತ್ತೆ ಉತ್ತೀರ್ಣಳಾಗಿರಬೇಕು. ಇಬ್ಬರಿಗಿಂತ ಹೆಚ್ಚು ಮಕ್ಕಳಿರಬಾರದು. ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳಿವು. ಇಲ್ಲಿ ನಮ್ಮ ಕನ್ನಡ ಮಾಧ್ಯಮದ ಹುಡುಗಿಯರಿಗೆ ಒಂದು ಮೇಲುಗೈ ಇದೆ. ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದವಳ ಗುಣಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡೂ ವಿಷಯಗಳಿದ್ದರೆ, ನಿಯಮ ಬಯಸುವ ಎರಡು ಭಾಷೆಗಳ ಪುರಾವೆ ಒಂದೇ ಕಾಗದದಲ್ಲಿ ಸಿಗುತ್ತದೆ. ‘ಕನ್ನಡ ಸಾಲಿ ಕಲಿತರೆ ಮಹಾರಾಷ್ಟ್ರದಾಗ ನೌಕರಿ ಎಲ್ಲಿ’ ಎಂಬ ಪ್ರಶ್ನೆಗೆ ಇದು ಸಣ್ಣದಾದರೂ ಖಚಿತವಾದ ಉತ್ತರ. ಆ ಗುಣಪತ್ರಿಕೆಯನ್ನು ಅರ್ಜಿಗೆ ತಪ್ಪದೆ ಲಗತ್ತಿಸಬೇಕು.

ಗಡಿಯಾಚೆಯಿಂದ ಬಂದ ಸೊಸೆಯಂದಿರ ಸ್ಥಿತಿ ಬೇರೆ. ಇಂಡಿ, ಅಥಣಿ, ಅಫಜಲಪುರ ಕಡೆಯಿಂದ ಮದುವೆಯಾಗಿ ಬಂದವರಲ್ಲಿ ಪಿಯುಸಿ, ಪದವಿ ಓದಿದವರು ಅನೇಕರಿದ್ದಾರೆ. ಅವರ ತೊಡಕುಗಳು ಮೂರು: ತವರಿನ ಹೆಸರಿನಲ್ಲಿರುವ ಗುಣಪತ್ರಿಕೆ, ಗಂಡನ ಊರಿನ ರಹವಾಸದ ದಾಖಲೆ, ಮರಾಠಿ ಜ್ಞಾನದ ಪುರಾವೆ. ವಿವಾಹ ನೋಂದಣಿ ಪ್ರಮಾಣಪತ್ರ ಮಾಡಿಸಿ, ಆಧಾರ್ ಮತ್ತು ರೇಶನ್ ಕಾರ್ಡಿನಲ್ಲಿ ಹೆಸರು ಸೇರಿಸುವ ಕೆಲಸವನ್ನು ಜಾಹೀರಾತು ಬಂದ ಮೇಲೆ ಆರಂಭಿಸಿದರೆ ಮುಗಿಯುವುದಿಲ್ಲ. ಕರ್ನಾಟಕದ ಪಿಯುಸಿಯನ್ನು ಹನ್ನೆರಡನೆಯ ಇಯತ್ತೆಗೆ ಸಮಾನವೆಂದು ಹೇಗೆ ತೋರಿಸಬೇಕು ಎಂಬುದನ್ನು ಪ್ರಕಲ್ಪ ಕಾರ್ಯಾಲಯದಲ್ಲಿ ಮುಂಚಿತವಾಗಿ ಲಿಖಿತರೂಪದಲ್ಲಿ ಕೇಳಬೇಕು. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದಲ್ಲಿ ಮೀಸಲಾತಿಯ ಲಾಭ ಸಾಮಾನ್ಯವಾಗಿ ದೊರೆಯದು. ಆ ಅಂಕಗಳನ್ನು ನಂಬಿಕೊಂಡು ಕೂರಬಾರದು.

ಎರಡು ಆಕ್ಷೇಪಗಳು

ಇಷ್ಟು ಸಣ್ಣ ಗೌರವಧನದ ಕೆಲಸಕ್ಕೆ ಓದಿದ ಹುಡುಗಿಯರನ್ನು ಏಕೆ ತಳ್ಳುವಿರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಕೇಂದ್ರ ಸರಕಾರ ತನ್ನ ಪಾಲಿನ ಗೌರವಧನವನ್ನು 2018ರಲ್ಲಿ ಏರಿಸಿದಾಗಲೂ ಸಹಾಯಕಿಗೆ ನಿಗದಿಯಾದದ್ದು ತಿಂಗಳಿಗೆ 2,250 ರೂಪಾಯಿ. ರಾಜ್ಯದ ಪಾಲು ಸೇರಿ ಮಹಾರಾಷ್ಟ್ರದಲ್ಲಿ 2023ರಲ್ಲಿ ಸೇವಿಕೆಗೆ 10,000, ಮದತನೀಸಳಿಗೆ 5,500 ರೂಪಾಯಿ ಆಯಿತು. 2024ರಲ್ಲಿ ಮತ್ತೆ ಏರಿಕೆ ಘೋಷಣೆಯಾಯಿತು. ಇದು ಸಂಬಳವಲ್ಲ, ಗೌರವಧನವೆಂಬ ಹೆಸರಿನಲ್ಲಿಯೇ ಅನ್ಯಾಯವಿದೆ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಅಂಗನವಾಡಿ ಸೇವಿಕೆಯರೂ ಸಹಾಯಕಿಯರೂ ಗ್ರ್ಯಾಚ್ಯುಟಿಗೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. ಸೇವಿಕೆಯ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಅನುಭವವಿರುವ ಸಹಾಯಕಿಯರಿಗೆ ಬಡ್ತಿಯ ಮೂಲಕ ಕೊಡಬೇಕೆಂದು ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ. ಇಂದಿನ ಮದತನೀಸ ನಾಳಿನ ಸೇವಿಕೆಯಾಗಬಲ್ಲಳು. ವೇತನಕ್ಕಾಗಿ ಅವರು ನಡೆಸುವ ಹೋರಾಟಕ್ಕೆ ಪಾಲಕರ ಬೆಂಬಲವೂ ಇರಬೇಕು. ಕನ್ನಡ ಉಳಿಸುವ ಭಾರವನ್ನು ಕಡಿಮೆ ಕೂಲಿಯ ಹೆಣ್ಣುಮಕ್ಕಳ ಮೇಲಷ್ಟೇ ಹೊರಿಸುವುದು ಸಲ್ಲದು.

ಇನ್ನೊಂದು ಆಕ್ಷೇಪ, ಹೀಗೆ ಕೇಳಿದರೆ ಮರಾಠಿಗೆ ವಿರೋಧವಾಗುತ್ತದೆ ಎಂಬುದು. ನಿಯಮವನ್ನು ಓದಿದವರಿಗೆ ಆ ಅಂಜಿಕೆ ಬೇಡ. ಅದು ಮರಾಠಿ ಬಲ್ಲವಳನ್ನೇ ಕೇಳುತ್ತದೆ, ಕನ್ನಡವನ್ನೂ ಕೂಡಿಸುತ್ತದೆ. ಅದೇ ಕೇಂದ್ರದಲ್ಲಿರುವ ಮರಾಠಿ ಮನೆಯ ಮಗುವಿಗೂ ತನ್ನ ಮಾತಿನಲ್ಲಿ ನೀರು ಕೇಳುವ ಹಕ್ಕಿದೆ. ಎರಡೂ ಭಾಷೆ ಬಲ್ಲವಳಿಂದ ಇಬ್ಬರು ಮಕ್ಕಳಿಗೂ ನ್ಯಾಯ ಸಿಗುತ್ತದೆ. ಒಂದನೆಯ ಇಯತ್ತೆಯ ಹಿಂದಿಯ ವಿರುದ್ಧ ಮರಾಠಿ ಸಮಾಜ ಮುಂದಿಟ್ಟ ವಾದವೂ ಇದೇ ಆಗಿತ್ತು.

ಗಡಿಭಾಗದ ಹೆಸರು ಪತ್ರಿಕೆಗಳಲ್ಲಿ ಬರುವುದು ನಾಯಕರು ಹಳ್ಳಿಗಳ ಮೇಲೆ ಹಕ್ಕು ಸಾಧಿಸಿದಾಗ. ಅಂಗನವಾಡಿಯ ನೇಮಕಾತಿಗೆ ಅಂಥ ಸದ್ದು ಇರುವುದಿಲ್ಲ; ಹದಿನೈದು ದಿನ ಫಲಕದ ಮೇಲಿದ್ದು ಹರಿದುಹೋಗುವ ಕಾಗದ ಅದು. ಜೂನ್ ತಿಂಗಳಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಹುಡುಕುತ್ತ ಮನೆಮನೆ ತಿರುಗುವ ಶಿಕ್ಷಕರೂ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರೂ ತಮ್ಮ ಊರಿನ ಅಂಗನವಾಡಿಯ ಸೇವಿಕೆ, ಮದತನೀಸಳ ನಿವೃತ್ತಿ ಯಾವ ವರ್ಷ ಎಂಬುದನ್ನು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಲಿ. ಮುಂದಿನ ಗ್ರಾಮಸಭೆಯ ವಿಷಯಪತ್ರಿಕೆಯಲ್ಲಿ ಮಕ್ಕಳ ಮನೆಮಾತಿನ ಎಣಿಕೆಯೂ ಒಂದು ವಿಷಯವಾಗಿರಲಿ.