ಕುಂಕುಮ ಹೊರಗೆ, ದೂಳು ಒಳಗೆ

ನಮ್ಮಪ್ಪನದು ತಿಪಟೂರಿನಲ್ಲಿ ಸೈಕಲ್ ಶಾಪು. ಆಯುಧಪೂಜೆಯ ಹಿಂದಿನ ದಿನ ಎಂಥ ಗಿರಾಕಿ ಬಂದರೂ ಅಪ್ಪ ಕೆಲಸ ಹಿಡಿಯುತ್ತಿರಲಿಲ್ಲ. ಪಂಪು, ಸ್ಪ್ಯಾನರುಗಳನ್ನೆಲ್ಲ ಅಂಗಡಿ ಮುಂದೆ ಗೋಣಿಚೀಲದ ಮೇಲೆ ಹರವಿ, ಬಾಡಿಗೆ ಸೈಕಲ್ಲುಗಳ ಹಬ್ಬು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಹಚ್ಚಿ ಕೂರಿಸುತ್ತಿದ್ದರು. ಅದಾದ ಮೇಲೇ ಮರುದಿನದ ಕುಂಕುಮ. ತೊಳೆಯದ ಸಾಮಾನಿಗೆ ನಾವು ಹುಡುಗರು ಹೂ ಏರಿಸಿದರೆ ಬೈಗುಳ ಗ್ಯಾರಂಟಿ.

ಅದೇ ಅಂಗಡಿಯಲ್ಲಿ ನಾನೀಗ ಡಿಟಿಪಿ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಹುಟ್ಟುಹಬ್ಬದ ಫ್ಲೆಕ್ಸು, ತಿಥಿ ಕಾರ್ಡು. ಪ್ರತಿ ವರ್ಷ ಸಿಪಿಯು ಡಬ್ಬಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ಕೈಮುಗಿಯುತ್ತೇನೆ. 2018ರಲ್ಲಿ ಜೋಡಿಸಿ ತಂದ ಆ ಡಬ್ಬಿಯ ಬಾಗಿಲನ್ನು ಮಾತ್ರ ಒಂದು ದಿನವೂ ತೆಗೆದವನಲ್ಲ. ಸೈಕಲ್ ಬಿಚ್ಚುತ್ತಿದ್ದವನ ಮಗನಿಗೆ ನಾಲ್ಕು ಸ್ಕ್ರೂ ಕಂಡರೆ ಭಯ.

ಆ ಭಯ ಬಿಡಿಸಿದ್ದು ಮದುವೆ ಸೀಸನ್. ಈಗ ಲಗ್ನಪತ್ರಿಕೆ ಅಚ್ಚು ಹಾಕಿಸುವವರೂ ವಾಟ್ಸ್ಆ್ಯಪ್‌ಗೆ ಒಂದು ನಿಮಿಷದ ವಿಡಿಯೊ ಕೇಳುತ್ತಾರೆ. ಗಂಡು–ಹೆಣ್ಣಿನ ಫೋಟೊ, ಉದುರುವ ಗುಲಾಬಿ ಪಕಳೆ, ಹಿಂದೆ ನಾದಸ್ವರ. ನನ್ನ ಮಷೀನು ಆ ಒಂದು ನಿಮಿಷವನ್ನು ಹೊರಹಾಕಲು 25 ನಿಮಿಷ ಏದುಸಿರು ಬಿಡುತ್ತಿತ್ತು. ಹೆಸರಿನಲ್ಲೊಂದು ದೀರ್ಘ ತಪ್ಪಿದರೆ ಮತ್ತೆ 25 ನಿಮಿಷ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಿನಲ್ಲಿ ಚಿತ್ರದ ಭಾರವನ್ನೆಲ್ಲ ಪ್ರೊಸೆಸರೇ ಹೊರಬೇಕು. ಅಡುಗೆಯವನೇ ಬಡಿಸಲೂ ನಿಂತ ಹಾಗೆ.

ಪರಿಚಯದ ಅಂಗಡಿಯೊಂದರಲ್ಲಿ ವಿಚಾರಿಸಿದೆ. ‘ಇದಕ್ಕೆ ಕಾರ್ಡ್ ಕೂರಲ್ಲ ಸಾರ್, ಮಷೀನೇ ಬದಲಾಯಿಸಿ. 60 ಸಾವಿರ ಆಗುತ್ತೆ’ ಎಂದರು. ಡಬ್ಬಿ ತೆಗೆದು ನೋಡದೆ ಕೊಟ್ಟ ತೀರ್ಪು ಅದು. ನನಗೂ ಒಳಗೇನಿದೆಯೆಂದು ಗೊತ್ತಿರಲಿಲ್ಲವಾದ್ದರಿಂದ ಎದುರಾಡಲು ಬಾಯಿರಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಕೇಳಿದಳು: ‘ಅಪ್ಪ, ನಾವೇ ಒಂದ್ಸಲ ಬಿಚ್ಚಿ ನೋಡೋಣ್ವಾ?’

ಭಾನುವಾರ ಪ್ಲಗ್ ಕಿತ್ತು ಬಿಚ್ಚಿದೆವು. ಬಾಗಿಲು ಸರಿಸಿದರೆ ಒಳಗೆ ಏಳು ವರ್ಷದ ಆಯುಧಪೂಜೆ! ಮುಂದಿನ ಫ್ಯಾನು ಗಾಳಿಯೊಡನೆ ಎಳೆದುಕೊಂಡ ಚೆಂಡುಹೂವಿನ ಎಸಳುಗಳು ಒಣಗಿ ತಳದಲ್ಲಿ ಬಿದ್ದಿದ್ದವು. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ದೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಅದರೊಳಗೆ ಅಲ್ಲಲ್ಲಿ ಕೆಂಪು. ಬೆರಳಿಂದ ಉಜ್ಜಿ ನೋಡಿದೆ, ಕುಂಕುಮವೇ. ದೇವರೆಂದು ಪೂಜಿಸುತ್ತ ಅದರ ಉಸಿರು ಕಟ್ಟಿಸಿದವನು ನಾನು. ಪೇಂಟಿನ ಬ್ರಷ್ಷು ಹಿಡಿದು, ಫ್ಯಾನು ತಿರುಗದಂತೆ ಒತ್ತಿಕೊಂಡು ಕೊಡವಿದಾಗ ಅರ್ಧ ಮೊರ ದೂಳು ಬಂತು.

ಕೂರುವುದಿಲ್ಲ ಎಂದಿದ್ದ ಕಾರ್ಡಿಗೆ ಬೇಕಾದ ಉದ್ದನೆಯ ಸ್ಲಾಟು ಕಣ್ಣೆದುರೇ ಖಾಲಿಯಿತ್ತು. ಪಿಸಿಐ ಎಕ್ಸ್‌ಪ್ರೆಸ್ ಎನ್ನುವ ಈ ವ್ಯವಸ್ಥೆ 2003ರಿಂದ ಇದೆ. ತಲೆಮಾರು ಬದಲಾದರೂ ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ ಕೂರುತ್ತದೆ, ವೇಗ ಕೊಂಚ ತಗ್ಗಬಹುದು ಅಷ್ಟೆ. ಟೇಪು ಹಿಡಿದು ಜಾಗ ಅಳೆದೆವು. ಆಮೇಲೆ ಮಷೀನಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲಿನ ಚೀಟಿ ಓದಿದೆವು: 450 ವಾಟ್. ಕಾರ್ಡಿಗೆ ಬೇರೆಯಾಗಿ ಕರೆಂಟು ಕೊಡುವ ಆರು ಅಥವಾ ಎಂಟು ಪಿನ್ನಿನ ವೈರು ಅದರಲ್ಲಿ ಇರಲಿಲ್ಲ.

ಕಾರ್ಡು ಕೊಳ್ಳುವವರು ಎಡವುವುದು ಇಲ್ಲೇ. ಸ್ಲಾಟ್ ಮೂಲಕ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. ಆರು ಪಿನ್ನಿನ ವೈರು ಇನ್ನೂ 75 ಕೊಡುತ್ತದೆ, ಎಂಟು ಪಿನ್ನಿನದು 150. ಆರ್‌ಟಿಎಕ್ಸ್ 3060 ಎಂಬ ಕಾರ್ಡು 170 ವಾಟ್ ಕೇಳುತ್ತದೆ. ಅದನ್ನು ತಂದಿದ್ದರೆ ಎಸ್‌ಎಂಪಿಎಸ್ಸನ್ನೂ ಬದಲಿಸಬೇಕಿತ್ತು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಗೆ 70 ವಾಟ್ ಸಾಕು. ಸ್ಲಾಟ್ ಕೊಟ್ಟದ್ದನ್ನೇ ಉಂಡು ಕೆಲಸ ಮಾಡುವ ಕಾರ್ಡದು. ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನ ಸಂದಿಯಲ್ಲಿ ಮೂರು ಕಡೆ ದರ ಕೇಳಿ, 18 ಸಾವಿರದ ಆಸುಪಾಸಿನಲ್ಲಿ ತಂದೆ. ಈ ಸಲ ಅಂಗಡಿಯವರು ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು.

ಕೂರಿಸಲು ಅರ್ಧ ಗಂಟೆ ಹಿಡಿಯಿತು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬಿಯ ಬರಿಯ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡೆವು. ಹಿಂಬದಿಯ ಎರಡು ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು ಸಮವಾಗಿ ಒತ್ತಿದಾಗ ಕೊಂಡಿ ‘ಟಕ್’ ಎಂದಿತು. ಸ್ಕ್ರೂ ಬಿಗಿದು ಸ್ವಿಚ್ ಹಾಕಿದರೆ ಸ್ಕ್ರೀನ್ ಕಪ್ಪು, ‘ನೋ ಸಿಗ್ನಲ್’. 18 ಸಾವಿರ ಹೊಗೆಯಾಯಿತೆಂದು ನಾನು ಬೆವರುತ್ತಿದ್ದರೆ ಮಗಳು ಹಿಂದೆ ಬಗ್ಗಿ ನೋಡಿ ನಕ್ಕಳು. ಅಭ್ಯಾಸಬಲದಿಂದ ಮಾನಿಟರಿನ ಕೇಬಲನ್ನು ಮೇಲಿನ ಹಳೆಯ ತೂತಿಗೇ ಚುಚ್ಚಿದ್ದೆ. ಕಾರ್ಡು ಕೂತ ಮೇಲೆ ಎಷ್ಟೋ ಮದರ್‌ಬೋರ್ಡುಗಳು ಆ ತೂತನ್ನು ತಾವೇ ಮುಚ್ಚಿಬಿಡುತ್ತವೆ. ಕೇಬಲ್ ಕೆಳಗಿನ ಕಾರ್ಡಿಗೆ ಬಂತು, ಚಿತ್ರವೂ ಬಂತು. ಡ್ರೈವರ್ ಹಾಕಿ ಮದುವೆ ವಿಡಿಯೊ ಬಿಟ್ಟೆ. ನಾಲ್ಕು ನಿಮಿಷ.

ಇದನ್ನು ಸಾಹಸವೆಂದು ಹೇಳಿಕೊಳ್ಳುತ್ತಿಲ್ಲ. ಎಸ್.ಪಿ. ರೋಡಿನ ಹುಡುಗರು ಇದನ್ನು ಚಹಾ ಆರುವುದರೊಳಗೆ ಮಾಡುತ್ತಾರೆ. ಇಷ್ಟು ಸಣ್ಣ ಕೆಲಸಕ್ಕೆ ನಾನು ಏಳು ವರ್ಷ ಹೆದರಿದ್ದು, ಆ ಹೆದರಿಕೆಯ ಮೇಲೆ 60 ಸಾವಿರದ ವ್ಯಾಪಾರ ನಡೆಯಬಹುದಾಗಿದ್ದದ್ದು ನನ್ನ ತಕರಾರು. ‘ಕಿತ್ತರೆ ವಾರಂಟಿ ಇಲ್ಲ’ ಎಂಬ ಸ್ಟಿಕ್ಕರು ನಮ್ಮನ್ನು ಹಾಗೆ ಪಳಗಿಸಿದೆ. ಇಂಥ ಮಾತಿನ ವಿಚಾರದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಒಳ್ಳೆಯದೇ. ಆದರೆ ಬಾಗಿಲು ತೆಗೆದೇ ನೋಡದವನಿಗೆ ಹಕ್ಕು ಕೊಟ್ಟು ಏನು ಪ್ರಯೋಜನ? ಫೋನು ಗೋಂದಿನಲ್ಲಿ ಅಂಟಿದೆ, ಎಷ್ಟೋ ಲ್ಯಾಪ್‌ಟಾಪಿನ ರ‍್ಯಾಮ್ ಬೆಸುಗೆ ಹಾಕಿಕೊಂಡೇ ಬರುತ್ತದೆ. ನಾವು ಬಿಚ್ಚಿ ಜೋಡಿಸಬಹುದಾದ ಕಂಪ್ಯೂಟರೆಂದು ಉಳಿದಿರುವುದು ಈ ಡಬ್ಬಿಯೊಂದೇ.

ಎಲ್ಲ ಭಯವೂ ಸುಳ್ಳಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ ಕೈಹಾಕಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿಸಬೇಕು. ಕಂಪನಿಯ ಸಿದ್ಧ ಮಷೀನಾದರೆ ವಾರಂಟಿ ಷರತ್ತು ಓದಿಯೇ ಕೈಹಚ್ಚಬೇಕು. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ತಿಳಿಯುವುದೂ ಬಾಗಿಲು ತೆಗೆದ ಮೇಲೆಯೇ.

ಹೈಸ್ಕೂಲಿನ ಮೇಷ್ಟರುಗಳಲ್ಲಿ ಒಂದು ವಿನಂತಿ. ನಿಮ್ಮ ಲ್ಯಾಬಿನ ಮೂಲೆಯಲ್ಲಿ ಕೆಟ್ಟು ಕೂತ ಮಷೀನೊಂದು ಇದ್ದರೆ ಗುಜರಿಗೆ ಹಾಕುವ ಮೊದಲು ಎಂಟನೇ ಕ್ಲಾಸಿನ ಮಕ್ಕಳ ಮುಂದಿಡಿ. ನಾಲ್ಕು ಸ್ಕ್ರೂಡ್ರೈವರ್ ಕೊಡಿ, ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವೇ ತೆಗೆದಿಟ್ಟುಕೊಳ್ಳಿ. ಇನ್ನು ಮನೆಯಲ್ಲಿ, ಅಂಗಡಿಯಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ: ಈ ಆಯುಧಪೂಜೆಯ ಹಿಂದಿನ ದಿನ ಪ್ಲಗ್ ಕಿತ್ತು ಡಬ್ಬಿಯ ಬಾಗಿಲು ತೆಗೆಯಿರಿ, ದೂಳು ಕೊಡವಿ. ಮರುದಿನ ಕುಂಕುಮವನ್ನು ಡಬ್ಬಿಯ ಪಕ್ಕದ ತಗಡಿಗೆ ಇಡಿ, ಫ್ಯಾನಿನ ಮುಂದೆ ಬೇಡ.