ಒಂದು ವಾಲ್ವ್ ಕೆಟ್ಟರೆ ಫ್ರಿಜ್ಜೇ ಗುಜರಿಗೆ?

ಅಂಗೈಯಗಲದ ಭಾಗವೊಂದು ಕೆಟ್ಟರೆ ಆಳೆತ್ತರದ ಯಂತ್ರವನ್ನೇ ಬಿಸಾಡುವುದು ಇಂದಿನ ಉಪಭೋಗ ಸಂಸ್ಕೃತಿಯ ಲಕ್ಷಣ. ತಾನಾಗಿ ಮಂಜುಗಡ್ಡೆ ತಯಾರಿಸುವ ಫ್ರಿಜ್ ಇದಕ್ಕೊಂದು ನಿದರ್ಶನ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವ ಈ ಯಂತ್ರ ಭಾರತದ ನಗರಗಳಿಗೂ ಬಂದಿದೆ.

ಇದಕ್ಕೆ ನೀರು ಬಿಡುವ ಪುಟ್ಟ ವಾಲ್ವ್ ಸಾಮಾನ್ಯವಾಗಿ ಹಿಂಬದಿಯ ಕೆಳಭಾಗದಲ್ಲಿರುತ್ತದೆ. ವಿದ್ಯುತ್ ಹರಿದಾಗ ತಂತಿಸುರುಳಿ ಅಯಸ್ಕಾಂತವಾಗಿ ನೀರಿನ ದಾರಿ ತೆರೆಯುತ್ತದೆ. ವಿದ್ಯುತ್ ನಿಂತಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಸುರುಳಿ ಸುಟ್ಟರೆ ಮಂಜುಗಡ್ಡೆಯಿಲ್ಲ. ಮಡ್ಡಿ ಸಿಕ್ಕಿಕೊಂಡರೆ ನೀರು ಜಿನುಗುತ್ತಲೇ ಇರುತ್ತದೆ. ಯಂತ್ರದ ಉಳಿದೆಲ್ಲ ಭಾಗ ಸುಸ್ಥಿತಿಯಲ್ಲಿರುತ್ತದೆ.

ವಾಲ್ವ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಪ್ಲಗ್ ಕಳಚಿ, ನಲ್ಲಿ ಮುಚ್ಚಿ, ಕೊಳವೆಯಲ್ಲುಳಿದ ನೀರನ್ನು ಬಸಿಯಬೇಕು. ಕೊಳವೆ, ತಂತಿಗಳ ಸ್ಥಾನವನ್ನು ಗುರುತಿಟ್ಟು ಹಳೆಯದನ್ನು ಬಿಚ್ಚಿ, ಅದೇ ಮಾದರಿಯ ಹೊಸದನ್ನು ಜೋಡಿಸಬೇಕು. ನಲ್ಲಿ ತೆರೆದು, ಸೋರಿಕೆಯಿಲ್ಲವೆಂದು ಖಚಿತವಾದ ಮೇಲಷ್ಟೇ ವಿದ್ಯುತ್ ಕೊಡಬೇಕು. ಶೀತಕ ಅನಿಲದ ಕೊಳವೆಗಳನ್ನು ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು.

ಪಂಪ್‌ಸೆಟ್ಟಿನ ಫುಟ್‌ವಾಲ್ವನ್ನು ತಾನೇ ಬಿಚ್ಚಿ ಸರಿಪಡಿಸುವ ಮಲೆನಾಡಿನ ರೈತನಿಗೆ ಇದು ಅಸಾಧ್ಯ ವಿದ್ಯೆಯೇನಲ್ಲ. ಹಳ್ಳಿಮನೆಗಳಿಗೂ ಬಂದಿರುವ ವಾಷಿಂಗ್ ಮಷೀನಿಗೆ ನೀರು ಬಿಡುವುದೂ ಇದೇ ತತ್ತ್ವದ ವಾಲ್ವ್. ಕೊರತೆಯಿರುವುದು ಕೌಶಲಕ್ಕಲ್ಲ, ಬಿಡಿಭಾಗಕ್ಕೆ, ಮಾಹಿತಿಗೆ.

ಐರೋಪ್ಯ ಒಕ್ಕೂಟ 2021ರ ಮಾರ್ಚ್‌ನಿಂದ ಫ್ರಿಜ್ಜಿನ ಥರ್ಮೋಸ್ಟಾಟ್, ಸರ್ಕಿಟ್ ಬೋರ್ಡ್‌ನಂತಹ ಭಾಗಗಳು ಕನಿಷ್ಠ 7 ವರ್ಷ, ಬಾಗಿಲಿನ ಗ್ಯಾಸ್ಕೆಟ್ 10 ವರ್ಷ ದೊರೆಯಬೇಕೆಂದು ವಿಧಿಸಿದೆ. ಭಾರತ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಗೃಹೋಪಯೋಗಿ ಯಂತ್ರಗಳೊಡನೆ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಗೆ ಬಂದವು. 2023ರ ಏಪ್ರಿಲ್‌ನಲ್ಲಿ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಹಳೆಯ ಫ್ರಿಜ್ಜುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಮರುಬಳಕೆ ಎಂಬುದು ಯಂತ್ರ ಸತ್ತ ಮೇಲಿನ ಸಂಸ್ಕಾರ. ದುರಸ್ತಿ ಎಂಬುದು ಅದರ ಆಯುಷ್ಯ. ಅನೇಕ ಹಳೆಯ ಫ್ರಿಜ್ಜುಗಳಲ್ಲಿರುವ ಆರ್-134ಎ ಅನಿಲ ಸಮತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಯಾಗಿಸಬಲ್ಲದು. ಗುಜರಿಯಲ್ಲಿ ಕೊಳವೆ ಮುರಿದರೆ ಅದು ಗಾಳಿಗೆ ಸೇರುತ್ತದೆ.

ಕಾಡು ಉಳಿಸಿ ಎಂದು ಘೋಷಣೆ ಕೂಗುವ ಯುವಜನ ಕೈಯಲ್ಲಿ ಸ್ಕ್ರೂಡ್ರೈವರನ್ನೂ ಹಿಡಿಯುವಂತಾಗಲಿ. ಹೊಸ ಯಂತ್ರ ಕೊಳ್ಳುವ ಪ್ರತಿಯೊಬ್ಬರೂ ಬೆಲೆಗಿಂತ ಮೊದಲು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಹತ್ತು ವರ್ಷಗಳ ನಂತರ ಇದರ ಬಿಡಿಭಾಗ ಸಿಗುವುದೇ?